ಟೊಮೆಟೊ ಬೇಡ, ಸೊಪ್ಪು ಹಾಕೋಣ ಅಂದೆ

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಕೈತೋಟ ಮಾಡೋಣ ಅಂದಾಗ ಎಲ್ಲರ ಬಾಯಲ್ಲೂ ಟೊಮೆಟೊ. ಕೋಲಾರದವರಿಗೆ ಬೇರೆ ಏನು ಹೊಳೆಯುತ್ತದೆ ಹೇಳಿ! ನಾನು ಒಪ್ಪಲಿಲ್ಲ. ಟೊಮೆಟೊ ಊರ ತುಂಬಾ ಸಿಗುತ್ತದೆ. ಬಿಸಿಯೂಟಕ್ಕೆ ಸಿಗದೆ ಇದ್ದದ್ದು ಸೊಪ್ಪು. ಸಂತೆಯಿಂದ ತಂದರೆ ಮಾರನೇ ದಿನಕ್ಕೇ ಬಾಡುತ್ತದೆ. ಹಾಗಾಗಿ ಅಡುಗೆಯವರು ಆಲೂಗಡ್ಡೆ, ಎಲೆಕೋಸಿನಲ್ಲೇ ವಾರ ದೂಡುತ್ತಿದ್ದರು.

ಬಿಸಿಯೂಟದ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರಿಗೆ 75 ಗ್ರಾಂ. 40 ಚಿಕ್ಕ ಮಕ್ಕಳಿದ್ದರೆ 2 ಕೆಜಿ ಆಯಿತು. ಶಾಲೆ ಹಿತ್ತಲಲ್ಲಿ ದಿನಾ ಅಷ್ಟು ಬೆಳೆಯುತ್ತೇವೆ ಅನ್ನುವುದು ಸುಮ್ನೆ ಮಾತು. ವಾರಕ್ಕೆರಡು ದಿನ ಸೊಪ್ಪು ಅಂದರೆ ಆಗುತ್ತದೆ. ದಂಟು ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಮಡಿಗಳನ್ನು ವಾರ ಬಿಟ್ಟು ವಾರ ಬಿತ್ತಿದರೆ ಸರದಿ ತಪ್ಪುವುದಿಲ್ಲ. ಬಸಳೆಯನ್ನು ಬೇಲಿಗೆ ಹಬ್ಬಿಸಿದೆವು. ಮೇಕೆ ಕಾಟಕ್ಕೆ ಬೇಲಿ ಹೇಗೂ ಬೇಕಲ್ವಾ?

ನೀರಿನದ್ದೇ ದೊಡ್ಡ ತಲೆನೋವು. ತಟ್ಟೆ ತೊಳೆದ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಗೆ ಬಿಟ್ಟು, ಅಲ್ಲಿಂದ ನುಗ್ಗೆ, ಪಪ್ಪಾಯಿ, ಬಾಳೆಯ ಬುಡಕ್ಕೆ ಹರಿಸಿದೆವು. ಸೊಪ್ಪಿನ ಮಡಿಗೆ ಮಾತ್ರ ಆ ನೀರು ಬೇಡ, ಎಲೆಗೆ ತಾಗುತ್ತದೆ. ನುಗ್ಗೆಗೆ ಬೀಜದಿಂದಲೇ ಬರುವ ಪಿಕೆಎಂ-1 ತಳಿ ಹಾಕಿದೆವು. ಎದೆಮಟ್ಟಕ್ಕೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ, ಎಲೆ ಕೈಗೆ ಸಿಗುತ್ತದೆ.

ಬೆಳೆದದ್ದಾಯಿತು, ಮಕ್ಕಳು ತಿನ್ನಬೇಕಲ್ಲ. ಪಲ್ಯ ಮಾಡಿದರೆ ತಟ್ಟೆ ಅಂಚಿಗೆ ತಳ್ಳುತ್ತಿದ್ದರು. ತೊಗರಿಬೇಳೆ ಜೊತೆ ಬೇಯಿಸಿ, ಕಡೆದು ಮಸ್ಸೊಪ್ಪು ಮಾಡಿಸಿದೆ. ಆರಿಸಿ ಪಕ್ಕಕ್ಕಿಡಲು ಅಲ್ಲಿ ಏನೂ ಇಲ್ಲ! ಒಗ್ಗರಣೆಗೆ ಎಣ್ಣೆ ಹಾಕಲೇಬೇಕು, ಸೊಪ್ಪಿನಲ್ಲಿರುವ ಎ ವಿಟಮಿನ್ ಅಂಶ ಮೈಗೆ ಹತ್ತಲು ಜಿಡ್ಡು ಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿಸುತ್ತೇನೆ. ಕುದಿಸಿದರೆ ಸಿ ವಿಟಮಿನ್ ಹಾಳು, ಅದಿದ್ದರೆ ತಾನೇ ಸೊಪ್ಪಿನ ಕಬ್ಬಿಣ ಜಾಸ್ತಿ ದಕ್ಕುವುದು. ರಕ್ತಹೀನತೆ ಇರುವ ಮಕ್ಕಳಿಗೆ ಇಷ್ಟೇ ಸಾಕಾಗುವುದಿಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನೂ ತಪ್ಪಿಸಬಾರದು.

ಬೇಸಿಗೆ ರಜೆಯಲ್ಲಿ ಮಡಿಗಳನ್ನು ಒಣಗಲು ಬಿಡುತ್ತೇವೆ. ಮರಗಳಿಗೆ ನೀರು ಹಾಕುವುದು ಅಡುಗೆಯಮ್ಮನ ಜವಾಬ್ದಾರಿ, ಆಗ ಸಿಗುವ ಸೊಪ್ಪು, ಕಾಯಿ ಎಲ್ಲ ಅವರದೇ. ಇದಕ್ಕೆ ಊರಲ್ಲಿ ಒಬ್ಬಿಬ್ಬರು ಗೊಣಗಿದರು. ಹಾಗಾದರೆ ನೀವೇ ಬಂದು ನೀರು ಹಾಕಿ ಅಂದೆ, ಯಾರೂ ಬರಲಿಲ್ಲ.