ಬೇಸ್‌ಮೆಂಟ್ ಡಿಬಿಗೆ ಅರ್ಥಿಂಗ್: ನ್ಯೂಟ್ರಲ್ ಬೇರೆ, ಅರ್ಥ್ ಬೇರೆ

ಬೆಂಗಳೂರಿನ 30×40 ಸೈಟುಗಳ ಮನೆಗಳಲ್ಲಿ ಸಂಪ್ ಮೋಟರು, ವಾಷಿಂಗ್ ಮಷೀನು, ಸ್ಕೂಟರ್ ಚಾರ್ಜರ್ ಎಲ್ಲ ಬೇಸ್‌ಮೆಂಟಿಗೆ ಇಳಿದಿವೆ. ಇವುಗಳಿಗೆಂದೇ ಮೇಲಿನ ಮೇನ್ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡ್, ಅಂದರೆ ಕರೆಂಟನ್ನು ಸರ್ಕ್ಯೂಟುಗಳಿಗೆ ಹಂಚುವ ಪೆಟ್ಟಿಗೆ) ಲೈನ್ ಎಳೆದು ಕೆಳಗೊಂದು ಚಿಕ್ಕ ಡಿಬಿ ಕೂರಿಸುತ್ತಾರೆ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಮೋಟರು ಮೂರೂ ಸೇರುವ ಜಾಗವಿದು. ಡಿಬಿಯ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಆದರೆ ಏನು ಮಾಡಿಸಬೇಕು, ಮುಗಿದ ಮೇಲೆ ಏನೇನು ನೋಡಬೇಕು ಎಂಬುದು ಮನೆಯವರಿಗೂ ಗೊತ್ತಿರಲಿ.

ಗುಂಡಿ ಒಂದೇ ಸಾಲದು

ಮೋಟರಿನ ಒಳಗೆ ಕರೆಂಟ್ ತರುವ ಫೇಸ್ ವೈರು ಸವೆದು ಬಾಡಿಗೆ ತಾಗಿತು ಎಂದುಕೊಳ್ಳಿ. ಅರ್ಥ್ ಗುಂಡಿಯ (ಅರ್ಥ್ ವೈರನ್ನು ನೆಲಕ್ಕೆ ಸೇರಿಸಲು ಪೈಪ್ ಹೂತ ಗುಂಡಿ) ರೆಸಿಸ್ಟೆನ್ಸ್ 5 ಓಮ್ ಇದ್ದರೆ 230 ಭಾಗಿಸು 5, ಅಂದರೆ ಹೆಚ್ಚೆಂದರೆ 46 ಆಂಪ್ಸ್ ನೆಲಕ್ಕೆ ಇಳಿಯುತ್ತದೆ. ಮೋಟರಿನ 16 ಆಂಪ್ಸ್ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್; ಸಿ-ಕರ್ವ್ ಎಂಬುದು ಅದರ ಒಂದು ಬಗೆ) ತಕ್ಷಣ ಬೀಳಬೇಕಾದರೆ ಕನಿಷ್ಠ 80 ಆಂಪ್ಸ್ ದಾಟಬೇಕು. ಹಾಗಾಗಿ ಅದು ಬೀಳಲು ಹಲವು ಸೆಕೆಂಡು ಹಿಡಿಯುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿ 20 ಓಮ್‌ಗೆ ಏರಿದರೆ ಹರಿಯುವುದು 11.5 ಆಂಪ್ಸ್ ಮಾತ್ರ. ಆಗ ಎಂಸಿಬಿ ಬೀಳುವುದೇ ಇಲ್ಲ, ಮೋಟರಿನ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಅದಕ್ಕೇ ಅರ್ಥಿಂಗ್ ಜೊತೆಗೆ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಹೋದ ಕರೆಂಟಿಗೂ ವಾಪಸಾದ ಕರೆಂಟಿಗೂ ವ್ಯತ್ಯಾಸ ಕಂಡರೆ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಇಷ್ಟು ದೊಡ್ಡ ಸೋರಿಕೆಯಾದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲೇ ಕಡಿದುಬಿಡುತ್ತದೆ.

ಇನ್ನು ಗುಂಡಿ. ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 3043ರ ಪ್ರಕಾರ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಳವ್ಯಾಸ ಕನಿಷ್ಠ 38 ಮಿ.ಮೀ., ಉದ್ದ ಕನಿಷ್ಠ 2.5 ಮೀಟರ್ ಇರಬೇಕು. ಗುಂಡಿ ಕಟ್ಟಡದಿಂದ 1.5 ಮೀಟರ್ ದೂರವಿರಬೇಕು. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು ಹಳೆಯ ಕ್ರಮ. ಉಪ್ಪು ಪೈಪನ್ನೇ ತಿನ್ನುತ್ತದೆ, ಆದ್ದರಿಂದ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಉತ್ತಮ. ಕೋಲಾರ, ಬೆಂಗಳೂರಿನ ಕೆಂಪು ಕಲ್ಲುನೆಲದಲ್ಲಿ ಒಂದು ಗುಂಡಿಗೆ ರೆಸಿಸ್ಟೆನ್ಸ್ ಇಳಿಯದಿದ್ದರೆ ಎರಡನೆಯದು ತೋಡಿ ಎರಡನ್ನೂ ಜೋಡಿಸಬೇಕು. ಬೇಸ್‌ಮೆಂಟಿಗೆ ಮಾತ್ರ ಎಂದು ಬೇರೆ ಗುಂಡಿ ತೋಡಿ, ಮನೆಯ ಅರ್ಥ್‌ಗೆ ಸೇರಿಸದೆ ಬಿಡಬಾರದು. ಹಾಗೆ ಬಿಟ್ಟರೆ ಒಂದು ಕಡೆ ದೋಷ ಬಂದಾಗ ಎರಡು ಅರ್ಥ್‌ಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಡಿಬಿ ಕೂರಿಸುವಾಗ

ಮಳೆನೀರು ನುಗ್ಗಿದರೂ ಮುಟ್ಟದಂತೆ ಡಿಬಿಯನ್ನು ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ, ಸಂಪಿನ ಬಾಯಿಂದ ದೂರ ಕೂರಿಸಿ. ಮೇನ್ ಡಿಬಿಯ 32 ಆಂಪ್ಸ್ ಎಂಸಿಬಿಯಿಂದ ಮೂರು ತಾಮ್ರದ ವೈರು ಬರಬೇಕು: ಫೇಸ್, ನ್ಯೂಟ್ರಲ್, ಅರ್ಥ್. ಮೂರೂ 6 ಚದರ ಮಿ.ಮೀ. ಫೇಸ್ ವೈರು 16 ಚದರ ಮಿ.ಮೀ. ಆಗುವವರೆಗೂ ಅರ್ಥ್ ವೈರು ಅದರಷ್ಟೇ ದಪ್ಪವಿರಬೇಕು. ಹಸಿರು ವೈರಲ್ಲವೇ ಎಂದು 1.5ರದ್ದು ಎಳೆದು ಮುಗಿಸುವವರಿದ್ದಾರೆ, ಒಪ್ಪಬೇಡಿ.

ಒಳಗೆ ಎರಡು ಪಟ್ಟಿಗಳಿರುತ್ತವೆ. ನ್ಯೂಟ್ರಲ್ ಲಿಂಕ್ ಪ್ಲಾಸ್ಟಿಕ್ ಆಧಾರದ ಮೇಲೆ, ಪೆಟ್ಟಿಗೆಗೆ ತಾಗದಂತೆ ಕೂತಿರಬೇಕು. ಅರ್ಥ್ ಬಾರ್ ಮಾತ್ರ ಪೆಟ್ಟಿಗೆಯ ಲೋಹಕ್ಕೆ ನೇರವಾಗಿ ಬೋಲ್ಟ್ ಆಗಿರಬೇಕು. ಬಣ್ಣ ಕೆರೆದು, ವೈರಿನ ತುದಿಗೆ ಲಗ್ (ಲೋಹದ ಬಳೆ) ಹಾಕಿ ಬಿಗಿಯಬೇಕು. ಬಾಗಿಲಿಗೂ ಒಂದು ತುಂಡು ಹಸಿರು ವೈರು ಹೋಗಲಿ. ಈ ಎರಡು ಪಟ್ಟಿಗಳನ್ನು ಎಲ್ಲೂ ಜೋಡಿಸಬಾರದು, ಸಾಕೆಟ್ಟಿನಲ್ಲಿ ಕೂಡ. ಜೋಡಿಸಿದರೆ ನ್ಯೂಟ್ರಲ್‌ನಲ್ಲಿ ವಾಪಸಾಗಬೇಕಾದ ಕರೆಂಟಿನ ಒಂದು ಪಾಲು ಅರ್ಥ್ ವೈರಿನಲ್ಲಿ ಹೋಗುತ್ತದೆ. ಲೆಕ್ಕ ತಪ್ಪಿತೆಂದು ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಕಾಟ ತಾಳದೆ ಅದನ್ನು ಕಿತ್ತು ಬೈಪಾಸ್ ಮಾಡಿದ ಮನೆಗಳಲ್ಲಿ ಅಪಾಯ ಇನ್ನೂ ದೊಡ್ಡದು: ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಅರ್ಥ್ ಪಿನ್ನಿಗೆ ಸೇರಿದ ಪ್ರತಿ ಬಾಡಿಯಲ್ಲೂ ಕರೆಂಟ್ ಬರುತ್ತದೆ.

ಡಿಬಿಯ ಬಾಯಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲಿನ ಆರ್‌ಸಿಸಿಬಿ, 40 ಆಂಪ್ಸ್ ಹೊರುವಂಥದ್ದು, 30 ಮಿಲಿ ಆಂಪ್ಸ್ ಸೋರಿಕೆಗೆ ಬೀಳುವಂಥದ್ದು; ಅದರ ಹಿಂದೆ ಮೋಟರಿಗೆ 16, ಸಾಕೆಟ್ಟಿಗೆ 16, ದೀಪಕ್ಕೆ 6 ಆಂಪ್ಸ್ ಎಂಸಿಬಿ. ಕಾರು ಚಾರ್ಜರ್ ಇದ್ದರೆ ಅದಕ್ಕೆ ಬೇರೆಯೇ ಲೈನ್, ಚಾರ್ಜರ್ ಕಂಪನಿ ಹೇಳುವ ಟೈಪಿನ ಆರ್‌ಸಿಸಿಬಿ ಬೇಕು. ಮೇನ್ ಡಿಬಿಯಲ್ಲೂ ಆರ್‌ಸಿಸಿಬಿ ಹಾಕಿಸುವುದಾದರೆ ತಡವಾಗಿ ಬೀಳುವ 100 ಮಿಲಿ ಆಂಪ್ಸ್‌ನದು ಹಾಕಿಸಿ. ಅದೂ 30ರದ್ದಾದರೆ ಸಂಪಿನ ದೋಷಕ್ಕೆ ಇಡೀ ಮನೆ ಕತ್ತಲಾಗಬಹುದು.

ಕರೆಂಟ್ ಕೊಡುವ ಮೊದಲು

ಮೇನ್ ಆಫ್ ಮಾಡಿ, ಕೆಳಗಿನ ಆರ್‌ಸಿಸಿಬಿಯನ್ನೂ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ನೇರ ಜೋಡಣೆಯ ಮೋಟರನ್ನೂ ಬಿಡಿಸಿ. ಈಗ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಲಿಂಕ್ ಮತ್ತು ಅರ್ಥ್ ಬಾರ್ ನಡುವೆ ಸಂಪರ್ಕ ಕಾಣಬಾರದು. ಬೀಪ್ ಬಂದರೆ ಎಲ್ಲೋ ಎರಡೂ ಕೂಡಿವೆ. ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಕಳಚಿದರೆ ಯಾವ ಸರ್ಕ್ಯೂಟ್ ಎಂದು ತಿಳಿಯುತ್ತದೆ. ಆಮೇಲೆ ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ನಿಂದ ಅರ್ಥ್ ಬಾರಿಗೆ ಅಳೆಯಿರಿ, 1 ಓಮ್ ಒಳಗಿರಬೇಕು. ಗುಂಡಿಯ ರೆಸಿಸ್ಟೆನ್ಸಿಗೆ ಮಲ್ಟಿಮೀಟರ್ ಆಗದು, ಅರ್ಥ್ ಟೆಸ್ಟರ್ ತರಿಸಬೇಕು.

ಆನ್ ಮಾಡಿದ ಮೇಲೆ ಫೇಸ್–ನ್ಯೂಟ್ರಲ್ ಸುಮಾರು 230 ವೋಲ್ಟ್, ಫೇಸ್–ಅರ್ಥ್ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್–ಅರ್ಥ್ ಕೆಲವೇ ವೋಲ್ಟ್ ತೋರಿಸಬೇಕು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಒಂದು ಮಾತು ನೆನಪಿರಲಿ: ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಆ ಬಟನ್ ಕೆಲಸ ಮಾಡುತ್ತದೆ. ಬಟನ್ ಒತ್ತಿದಾಗ ಬಿತ್ತೆಂದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ, ಗುಂಡಿ ಸರಿಯಿದೆ ಎಂದಲ್ಲ.

ಪದೇ ಪದೇ ಬೀಳುತ್ತಿದ್ದರೆ

ಲೋಡ್ ಹಾಕಿದಾಗ ಮಾತ್ರ ಬಿದ್ದರೆ ಕೆಳಗಿನ ದೀಪವೋ ಸಾಕೆಟ್ಟೋ ಮೇಲಿನ ಮನೆಯ ನ್ಯೂಟ್ರಲ್ ಹಂಚಿಕೊಂಡಿರಬಹುದು. ಮೋಟರ್ ಹಾಕಿದಾಗ ಮಾತ್ರವಾದರೆ ವೈಂಡಿಂಗ್ ಸೋರುತ್ತಿದೆ. ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರು) 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ರಿಪೇರಿಗೆ ಕೊಡಿ. ಮಳೆ ಬಂದಾಗ ಬೀಳುವುದಾದರೆ ಗೇಟಿನ ದೀಪದ ಜಂಕ್ಷನ್ ಬಾಕ್ಸಿಗೆ ನೀರು ಇಳಿದಿರುತ್ತದೆ, ಮೊದಲು ಅದನ್ನು ಬಿಚ್ಚಿ ನೋಡಿ.