ಹಿಂಕ್ಸ್‌ಟನ್‌ನಿಂದ ಹನ್ನೊಂದು ಟೆರಾಬೈಟ್

ನಮ್ಮ ವಿಶ್ವವಿದ್ಯಾಲಯದ ಜಾಲವನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ ಹೊತ್ತಿಗೆ, ದೇಶದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಸರ್ಕಾರಿ ಜಾಲವಾದ ನ್ಯಾಷನಲ್ ನಾಲೆಜ್ ನೆಟ್‌ವರ್ಕಿನ 1 ಜಿಬಿಪಿಎಸ್ (ಸೆಕೆಂಡಿಗೆ ನೂರು ಕೋಟಿ ಬಿಟ್) ಸಂಪರ್ಕ ಆವರಣಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಅದರಿಂದ ಏನು ಪ್ರಯೋಜನವಾಯಿತು ಎಂದು ಯಾರಾದರೂ ಕೇಳಿದರೆ ವಿಡಿಯೊ ಮೂಲಕ ನಡೆಯುವ ತರಗತಿಗಳನ್ನೂ ಗ್ರಂಥಾಲಯದ ನಿಯತಕಾಲಿಕಗಳನ್ನೂ ತೋರಿಸುತ್ತಿದ್ದೆವು. ಸಂಶೋಧನೆಗಾಗಿಯೇ ಹಾಕಿದ ಈ ಜಾಲವನ್ನು ಸಂಶೋಧನೆಗೆ ನಿಜವಾಗಿ ಬಳಸುತ್ತಿದ್ದೇವೆಯೇ ಎಂಬ ಪ್ರಶ್ನೆ, ಜೀವವಿಜ್ಞಾನ ವಿಭಾಗದ ಪ್ರಾಧ್ಯಾಪಕಿಯೊಬ್ಬರು ತಮ್ಮ ಪಿಎಚ್‌ಡಿ ವಿದ್ಯಾರ್ಥಿಯನ್ನು ನನ್ನ ಕೋಣೆಗೆ ಕಳುಹಿಸುವವರೆಗೆ ನನಗೆ ಎದುರಾಗಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಸುಮಾರು 11 ಟೆರಾಬೈಟ್‌ಗಳಷ್ಟು ಜೀನೋಮ್ ದತ್ತಾಂಶ. ಅದು ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್‌ನ ಸಂಗ್ರಹದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಅವನು ಒಂದು ಕಡತವನ್ನು ಇಳಿಸಲು ಹಚ್ಚಿ ಅಳೆದಿದ್ದ, ವೇಗ 3.5 ಎಂಬಿಪಿಎಸ್ (ಸೆಕೆಂಡಿಗೆ 35 ಲಕ್ಷ ಬಿಟ್). ಈ ಲೆಕ್ಕದಲ್ಲಿ ಪೂರ್ತಿ ಇಳಿಸಲು 290 ದಿನ ಬೇಕಾಗುತ್ತಿತ್ತು. "ಸರ್, ಅಲ್ಲಿರುವ ನಮ್ಮ ಮೇಡಮ್ ಅವರ ಸ್ನೇಹಿತರಿಗೆ ಹೇಳಿ ಹಾರ್ಡ್‌ಡಿಸ್ಕ್‌ಗಳಲ್ಲೇ ತರಿಸಿಕೊಳ್ಳಬಹುದಲ್ಲವೇ?" ಎಂದು ಕೇಳಿದ. ಬೇಡವೆನ್ನಲು ನನ್ನ ಬಳಿ ಆಗ ಕಾರಣವಿರಲಿಲ್ಲ, ಆದರೆ ಹೂಂ ಎನ್ನಲು ಮನಸ್ಸೂ ಬರಲಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಭಾರತದಲ್ಲಿ ಶಿಕ್ಷಣ ಮತ್ತು ಸಂಶೋಧನೆಗೆ ಪ್ರತ್ಯೇಕ ಜಾಲ ಬೇಕೆಂಬ ಯೋಚನೆ ಹೊಸದಲ್ಲ. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ನಾಲೆಜ್ ನೆಟ್‌ವರ್ಕಿಗೆ ಕೇಂದ್ರ ಸಂಪುಟ 2010ರ ಮಾರ್ಚ್‌ನಲ್ಲಿ 5,990 ಕೋಟಿ ರೂಪಾಯಿಗಳ ವೆಚ್ಚಕ್ಕೆ ಒಪ್ಪಿಗೆ ನೀಡಿತು. ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅದನ್ನು ಕಟ್ಟಿತು. ಇಂತಹ ಜಾಲಗಳು ಬೇರೆ ದೇಶಗಳಲ್ಲೂ ಇವೆ: ಬ್ರಿಟನ್ನಿನಲ್ಲಿ ಜಾನೆಟ್, ಅಮೆರಿಕದಲ್ಲಿ ಇಂಟರ್ನೆಟ್2 ಮತ್ತು ಇಂಧನ ಇಲಾಖೆಯ ಇಎಸ್‌ನೆಟ್, ಯುರೋಪಿನ ರಾಷ್ಟ್ರೀಯ ಜಾಲಗಳನ್ನೆಲ್ಲ ಹೆಣೆಯುವ ಜಿಯಾಂಟ್. ಇವೆಲ್ಲ ಒಂದಕ್ಕೊಂದು ನೇರವಾಗಿ ಜೋಡಿಸಿಕೊಂಡಿರುವುದರಿಂದ ವಾಣಿಜ್ಯ ಇಂಟರ್ನೆಟ್ಟನ್ನು ಮುಟ್ಟದೆಯೇ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ದತ್ತಾಂಶ ಹೋಗಬಲ್ಲದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೊಟ್ರಾನ್ ಕೇಂದ್ರವೂ ಜಿನೀವಾದ ಸರ್ನ್ ಪ್ರಯೋಗಗಳ ದತ್ತಾಂಶವನ್ನು ಹೀಗೆಯೇ ತರಿಸಿಕೊಳ್ಳುತ್ತವೆ.

ವಾಣಿಜ್ಯ ಸೇವೆಗೂ ಇದಕ್ಕೂ ಇರುವ ವ್ಯತ್ಯಾಸ ಕೇವಲ ವೇಗದ್ದಲ್ಲ. ವಾಣಿಜ್ಯ ಸೇವಾದಾರರು ಸಾವಿರಾರು ಸಣ್ಣ ಸಣ್ಣ ಹರಿವುಗಳನ್ನು ಲೆಕ್ಕ ಹಾಕಿ, ಎಲ್ಲರೂ ಒಟ್ಟಿಗೆ ಬಳಸುವುದಿಲ್ಲವೆಂಬ ನಂಬಿಕೆಯ ಮೇಲೆ ದಾರಿಯನ್ನು ತುಂಬಿಸಿಟ್ಟಿರುತ್ತಾರೆ. ಸಂಶೋಧನಾ ಜಾಲದವರು ಬೇಕೆಂದೇ ಜಾಗ ಖಾಲಿ ಬಿಟ್ಟಿರುತ್ತಾರೆ, ಏಕೆಂದರೆ ಯಾವನೋ ಒಬ್ಬ ವಿಜ್ಞಾನಿ ಒಂದು ರಾತ್ರಿ ಒಂದೇ ಹರಿವಿನಲ್ಲಿ ದಾರಿಯನ್ನೆಲ್ಲ ಆವರಿಸಿಕೊಳ್ಳಬಹುದು. ಹಾಗಿದ್ದ ಮೇಲೆ ನಮ್ಮ ಹುಡುಗನಿಗೆ ಸಿಕ್ಕಿದ್ದು 3.5 ಎಂಬಿಪಿಎಸ್ ಮಾತ್ರ ಏಕೆ?

ಮೊದಲು ನಾನೂ ಎಲ್ಲರಂತೆ ಸ್ಪೀಡ್ ಟೆಸ್ಟ್ ಮಾಡಿದೆ. ವೇಗ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸಿತು. ಆ ಪರೀಕ್ಷೆಯ ಸರ್ವರ್ ಇದ್ದದ್ದು ಬೆಂಗಳೂರಿನಲ್ಲಿ. ಪ್ಯಾಕೆಟ್ (ದತ್ತಾಂಶದ ಒಂದು ಸಣ್ಣ ಕಟ್ಟು) ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ಹಿಂಕ್ಸ್‌ಟನ್‌ಗೆ ಹೋಗಿ ಬರಲು ಸುಮಾರು 150 ಮಿಲಿಸೆಕೆಂಡ್ ಬೇಕು. ದತ್ತಾಂಶವನ್ನು ತಪ್ಪದೆ ತಲುಪಿಸುವ ನಿಯಮಾವಳಿಯಾದ ಟಿಸಿಪಿ, ತಾನು ಕಳುಹಿಸಿದ್ದು ತಲುಪಿದೆ ಎಂಬ ಉತ್ತರ ಬರುವವರೆಗೆ ಒಂದು ಮಿತಿಗಿಂತ ಹೆಚ್ಚು ಕಳುಹಿಸುವುದಿಲ್ಲ. ಆ ಮಿತಿಗೆ ವಿಂಡೊ ಎನ್ನುತ್ತಾರೆ. ಹಳೆಯ ಟಿಸಿಪಿಯಲ್ಲಿ ವಿಂಡೊದ ಗರಿಷ್ಠ ಗಾತ್ರ 65,535 ಬೈಟ್. ಅದನ್ನು ಬಿಟ್‌ಗಳಾಗಿ ಬದಲಿಸಿ (ಬೈಟಿಗೆ 8) 150 ಮಿಲಿಸೆಕೆಂಡಿನಿಂದ ಭಾಗಿಸಿ ನೋಡಿದೆ. ಸರಿಯಾಗಿ 3.5 ಎಂಬಿಪಿಎಸ್.

ಆ ಸಂಖ್ಯೆ ಕಾಗದದ ಮೇಲೆ ಮೂಡಿದಾಗ ಆದ ಸಂತೋಷವನ್ನು ಈ ಕೆಲಸ ಮಾಡುವವರು ಬಲ್ಲರು. ಜಾಲ ನಿಧಾನ ಎಂಬ ದೂರಿನಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ಸರಿಯಾಗಿ 3.5 ಎಂದರೆ ಅದರ ಹಿಂದೆ ಯಾವುದೋ ಒಂದು ಯಂತ್ರದ ತೀರ್ಮಾನವಿರುತ್ತದೆ. ವಿಂಡೊವನ್ನು ಹಿಗ್ಗಿಸುವ ವಿಂಡೊ ಸ್ಕೇಲಿಂಗ್ ಎಂಬ ಸೌಲಭ್ಯ ಇಂದಿನ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ವಿದ್ಯಾರ್ಥಿಯ ಯಂತ್ರದಲ್ಲೂ ಅದು ಚಾಲೂ ಇತ್ತು. ಆದರೂ ನಾನು ವಿಂಡೊಗೆ ಜಾಗ ಕೊಡುವ ಬಫರ್‌ಗಳ ಮಿತಿಯನ್ನು 64 ಮೆಗಾಬೈಟಿಗೆ ಏರಿಸಿದೆ, ಏಕೆಂದರೆ 1 ಜಿಬಿಪಿಎಸ್ ದಾರಿಯನ್ನು 150 ಮಿಲಿಸೆಕೆಂಡ್ ಕಾಲ ತುಂಬಿಡಲು ಸುಮಾರು 19 ಮೆಗಾಬೈಟ್ ದತ್ತಾಂಶ ದಾರಿಯಲ್ಲೇ ಇರಬೇಕು. ಏನೂ ಬದಲಾಗಲಿಲ್ಲ.

ಹಾಗಾದರೆ ಸ್ಕೇಲಿಂಗ್ ಕೋರಿಕೆ ಆಚೆ ಬದಿಯನ್ನು ತಲುಪುತ್ತಿಲ್ಲ ಎಂದಾಯಿತು. ಆವರಣಕ್ಕೆ ಬಂದುಹೋಗುವುದನ್ನೆಲ್ಲ ತಪಾಸಿಸುವ ನಮ್ಮ ಫೈರ್‌ವಾಲ್‌ನ ಒಳಬದಿ ಮತ್ತು ಹೊರಬದಿ ಎರಡರಲ್ಲೂ ಏಕಕಾಲಕ್ಕೆ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿ, ಸಂಪರ್ಕ ಆರಂಭಿಸುವ ಮೊದಲ ಪ್ಯಾಕೆಟ್ಟನ್ನು ಹೋಲಿಸಿದೆ. ಒಳಬದಿಯಲ್ಲಿ ಸ್ಕೇಲಿಂಗ್ ಆಯ್ಕೆ ಇತ್ತು, ಹೊರಬದಿಯಲ್ಲಿ ಇರಲಿಲ್ಲ. ಫೈರ್‌ವಾಲ್‌ನ ಯಾವುದೋ ತಪಾಸಣಾ ಸೌಲಭ್ಯ ಅದನ್ನು ಕಿತ್ತುಹಾಕುತ್ತಿತ್ತು. ಅದನ್ನು ಪೂರೈಸಿದವರನ್ನು ಕರೆಸಿದಾಗ, ಒಂದು ಯಂತ್ರಕ್ಕಾಗಿ ಮಾತ್ರ ಆ ತಪಾಸಣೆಯನ್ನು ಬಿಡಿಸಲಾಗದು, ಬಿಡಿಸಿದರೆ ಇಡೀ ಆವರಣಕ್ಕೆ ಬಿಡಿಸಬೇಕು ಎಂದರು. ಭದ್ರತೆಯ ಹೊಣೆ ಹೊತ್ತವರು ಅದಕ್ಕೆ ಒಪ್ಪಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಒಪ್ಪುತ್ತಿರಲಿಲ್ಲ.

ಕೊನೆಗೆ ಇಎಸ್‌ನೆಟ್‌ನವರು ಸೈನ್ಸ್ ಡಿಎಂಜೆಡ್ ಎಂದು ಹೆಸರಿಟ್ಟು ಬಳಕೆಗೆ ತಂದ ವ್ಯವಸ್ಥೆಯನ್ನು ನಮ್ಮ ಅಳತೆಗೆ ಕತ್ತರಿಸಿಕೊಂಡೆವು. ದತ್ತಾಂಶ ಸಾಗಿಸುವುದಕ್ಕೆಂದೇ ಒಂದು ಸರ್ವರನ್ನು ಫೈರ್‌ವಾಲ್‌ನ ಆಚೆ, ಹೊರಜಾಲಕ್ಕೆ ದಾರಿ ತೋರುವ ಗಡಿ ರೂಟರಿಗೆ ಹತ್ತಿರ ಇಟ್ಟು, ರೂಟರಿನಲ್ಲೇ ಪ್ರವೇಶದ ಪಟ್ಟಿ ಬರೆದು, ಬೇಕಾದ ಕೆಲವೇ ಪೋರ್ಟುಗಳನ್ನು ಬೇಕಾದ ಕೆಲವೇ ವಿಳಾಸಗಳಿಗೆ ತೆರೆದಿಟ್ಟೆವು. ಅದರಲ್ಲಿ ಮೇಲ್ ಇಲ್ಲ, ಬ್ರೌಸರ್ ಇಲ್ಲ, ಬೇರೆ ಯಾರ ಖಾತೆಯೂ ಇಲ್ಲ. ಫೈರ್‌ವಾಲ್ ಇಲ್ಲದ ಯಂತ್ರವೆಂದು ಸಭೆಯಲ್ಲಿ ಗಾಬರಿಯಾದವರಿಗೆ ಆ ಪಟ್ಟಿಯನ್ನು ಮುದ್ರಿಸಿ ಕೊಟ್ಟೆ. ಒಂದು ಪುಟವೂ ತುಂಬದ ಆ ಪಟ್ಟಿಯನ್ನು ಓದಿ ಅವರಿಗೆ ಸಮಾಧಾನವಾಯಿತು.

ವೇಗ 3.5ರಿಂದ ಎದ್ದಿತು. ಆದರೆ 15ಕ್ಕೂ 40ಕ್ಕೂ ನಡುವೆ ಜೀಕುತ್ತಿತ್ತು.

ಇಲ್ಲಿಂದ ಮುಂದೆ ನನ್ನ ಎರಡು ವಾರಗಳು ಹೋದವು. ಹೊಸ ಸರ್ವರಿನಿಂದ ಗಡಿ ರೂಟರಿನ ಪಕ್ಕದ ಪರೀಕ್ಷಾ ಯಂತ್ರಕ್ಕೆ ವೇಗ ಅಳೆಯುವ ಐಪರ್ಫ್ ಓಡಿಸಿದರೆ 940 ಎಂಬಿಪಿಎಸ್ ಬರುತ್ತಿತ್ತು, ಆದ್ದರಿಂದ ನಮ್ಮ ಆವರಣ ಸರಿಯಾಗಿದೆ ಎಂದು ತೀರ್ಮಾನಿಸಿ ದೋಷವನ್ನು ಹೊರಗೆ ಹುಡುಕುತ್ತಾ ಕುಳಿತೆ. ಆ ತೀರ್ಮಾನವೇ ತಪ್ಪು. ಪ್ಯಾಕೆಟ್ ನಷ್ಟವಾದಾಗ ಟಿಸಿಪಿ ತನ್ನ ವೇಗವನ್ನು ತಗ್ಗಿಸಿ, ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪವೇ ಏರುತ್ತದೆ. ಸುತ್ತು ಅರ್ಧ ಮಿಲಿಸೆಕೆಂಡಿನದಾದರೆ ಕಣ್ಣು ಮಿಟುಕಿಸುವುದರೊಳಗೆ ಚೇತರಿಸಿಕೊಳ್ಳುತ್ತದೆ, ನಷ್ಟವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದೇ ನಷ್ಟ 150 ಮಿಲಿಸೆಕೆಂಡಿನ ದಾರಿಯಲ್ಲಿ ಕೊರಳು ಹಿಸುಕುತ್ತದೆ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಟಿಸಿಪಿಯ ವೇಗಕ್ಕೆ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ, 20,000 ಪ್ಯಾಕೆಟ್ಟಿಗೆ ಒಂದು ಕಳೆದುಹೋದರೂ ಈ ದೂರದಲ್ಲಿ ಹಳೆಯ ಬಗೆಯ ಟಿಸಿಪಿಗೆ ಸಿಗುವುದು 11ರಿಂದ 13 ಎಂಬಿಪಿಎಸ್ ಮಾತ್ರ. ಲಿನಕ್ಸ್‌ನಲ್ಲಿರುವ ಕ್ಯೂಬಿಕ್ ಎಂಬ ಹೊಸ ಬಗೆ ಇದಕ್ಕಿಂತ ಸ್ವಲ್ಪ ಮೇಲೆ ಏಗುತ್ತದೆ. 22,000ಕ್ಕೆ ಒಂದು ಪ್ಯಾಕೆಟ್ ಕಳೆಯುತ್ತಿದ್ದ ರೂಟರಿನ ಲೈನ್ ಕಾರ್ಡೊಂದು ದೂರದ ಹರಿವುಗಳನ್ನೆಲ್ಲ ಕುಂಠಿತಗೊಳಿಸಿದ ಪ್ರಕರಣವನ್ನು ಇಎಸ್‌ನೆಟ್‌ನವರು ದಾಖಲಿಸಿದ್ದಾರೆ. ನಾನು ಅದನ್ನು ಹಿಂದೆಯೇ ಓದಿದ್ದೆ, ಆದರೆ ಅದು ನಮ್ಮ ಮನೆಯ ಕಥೆಯೂ ಆಗಿರಬಹುದೆಂದು ಹೊಳೆದಿರಲಿಲ್ಲ.

ಸ್ವಿಚ್‌ಗಳ ದೋಷದ ಲೆಕ್ಕಗಳನ್ನು ಒಂದೊಂದಾಗಿ ಸೊನ್ನೆಗೆ ತಂದು, ರಾತ್ರಿಯಿಡೀ ಹರಿವು ಹಾಯಿಸಿ, ಬೆಳಿಗ್ಗೆ ಬಂದು ನೋಡಿದೆ. ಒಂದು ಪೋರ್ಟಿನಲ್ಲಿ ಮಾತ್ರ ಸಿಆರ್‌ಸಿ ದೋಷಗಳು (ದಾರಿಯಲ್ಲಿ ಕೆಟ್ಟುಬಂದ ಪ್ಯಾಕೆಟ್ಟುಗಳ ಲೆಕ್ಕ) ಸಾವಿರಗಟ್ಟಲೆ ಏರಿದ್ದವು. ಆ ಪೋರ್ಟಿನ ಆಪ್ಟಿಕಲ್ ಪ್ಯಾಚ್ ಕಾರ್ಡನ್ನು (ಬೆಳಕಿನಲ್ಲಿ ದತ್ತಾಂಶ ಒಯ್ಯುವ ಗಿಡ್ಡ ಎಳೆ) ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕನೆಕ್ಟರಿನ ತುದಿಯಲ್ಲಿ ಬೆರಳಿನ ಎಣ್ಣೆಯ ಗುರುತೂ ಗೋಡೆಯ ಸುಣ್ಣದ ಧೂಳೂ ಒಟ್ಟಾಗಿ ಅಂಟಿದ್ದವು. ಹಿಂದಿನ ಬೇಸಿಗೆಯಲ್ಲಿ ಆ ಕೋಣೆಗೆ ಬಣ್ಣ ಬಳಿಸುವಾಗ ರ‍್ಯಾಕ್ ಸರಿಸಿದ್ದರು. ಶುಚಿಗೊಳಿಸುವ ಪೆನ್ನಿನಿಂದ ಎರಡು ಸಲ ಒತ್ತಿದ್ದಷ್ಟೇ ಕೆಲಸ. ಇಂಗ್ಲೆಂಡಿನವರೆಗಿನ ಸಮುದ್ರದಡಿಯ ಕೇಬಲ್ಲಿನಲ್ಲಿ ಇಲ್ಲದ ದೋಷ, ನನ್ನ ಕುರ್ಚಿಯಿಂದ 200 ಮೀಟರ್ ದೂರದಲ್ಲಿತ್ತು.

ಇದಾದ ಮೇಲೆ ರಾತ್ರಿ 2 ಗಂಟೆಗೆ 150 ಎಂಬಿಪಿಎಸ್‌ಗೂ ಹೆಚ್ಚು ಬರತೊಡಗಿತು. ಹಗಲು 10 ಗಂಟೆಯಾಗುತ್ತಲೇ 40ಕ್ಕೆ ಇಳಿಯುತ್ತಿತ್ತು. ಈ ಏರಿಳಿತ ನಮ್ಮ ಹಾಸ್ಟೆಲುಗಳ ಬಳಕೆಯ ನಕ್ಷೆಯೊಂದಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿತ್ತು. ಆದರೆ ಹಾಸ್ಟೆಲುಗಳು ಬಳಸುತ್ತಿದ್ದದ್ದು ನಾವು ಬೇರೆಯಾಗಿ ಕೊಂಡಿದ್ದ 200 ಎಂಬಿಪಿಎಸ್ ವಾಣಿಜ್ಯ ಸಂಪರ್ಕವನ್ನು! ನಮ್ಮ ಕಡೆಯಿಂದ ದಾರಿಯ ಹೆಜ್ಜೆಗಳನ್ನು ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಪ್ಯಾಕೆಟ್ಟುಗಳು ನಾಲೆಜ್ ನೆಟ್‌ವರ್ಕ್, ಜಿಯಾಂಟ್, ಜಾನೆಟ್ ಮೂಲಕವೇ ಹೋಗುತ್ತಿದ್ದವು. ಹಾಗಿದ್ದರೆ ಹಾಸ್ಟೆಲಿಗೂ ಜೀನೋಮಿಗೂ ಏನು ಸಂಬಂಧ?

ಇದನ್ನು ಯೋಚಿಸುತ್ತಾ ಎರಡು ದಿನ ಕಳೆದ ಮೇಲೆ, ಕಡತವನ್ನು ಇಳಿಸಿಕೊಳ್ಳುವಾಗ ಭಾರವಾದ ದತ್ತಾಂಶ ಬರುವ ದಿಕ್ಕು ನಾನು ಟ್ರೇಸ್ ಮಾಡಿದ ದಿಕ್ಕಲ್ಲ ಎಂಬ ಸರಳ ಸಂಗತಿ ತಲೆಗೆ ಹೊಳೆಯಿತು. ನಾವು ಕಳುಹಿಸುವುದು ತಲುಪಿತು ಎಂಬ ಪುಟ್ಟ ಉತ್ತರಗಳನ್ನು ಮಾತ್ರ. ಟೆರಾಬೈಟುಗಳು ಬರುವ ದಾರಿಯನ್ನು ನಿರ್ಧರಿಸುವವರು ಆ ಬದಿಯವರು. ಯುರೋಪಿನ ಲುಕಿಂಗ್ ಗ್ಲಾಸ್ (ಅಲ್ಲಿನ ರೂಟರಿಗೆ ಕಾಣುವ ದಾರಿಯನ್ನು ತೋರಿಸುವ ಪುಟ) ಒಂದರಲ್ಲಿ ನಮ್ಮ ವಿಳಾಸವನ್ನು ಹಾಕಿ ನೋಡಿದಾಗ ಉತ್ತರ ಕಣ್ಣೆದುರೇ ಇತ್ತು. ನನಗಿಂತ ಮೊದಲು ಈ ಕೆಲಸ ಮಾಡಿದವರು, ವಾಣಿಜ್ಯ ಸಂಪರ್ಕದಲ್ಲಿ ಹೊರೆ ಹಂಚುವ ಸದುದ್ದೇಶದಿಂದ, ನಮ್ಮ /22 ವಿಳಾಸ ಗುಚ್ಛವನ್ನು (1,024 ವಿಳಾಸಗಳು) ನಾಲ್ಕು /24 ತುಂಡುಗಳಾಗಿ (ತಲಾ 256), ಈ ವಿಳಾಸಗಳಿಗೆ ಈ ದಾರಿಯಲ್ಲಿ ಬನ್ನಿ ಎಂದು ಅಲ್ಲಿ ಘೋಷಿಸಿದ್ದರು. ನಾಲೆಜ್ ನೆಟ್‌ವರ್ಕಿನಲ್ಲಿ ಮಾತ್ರ /22 ಎಂದು ಇಡಿಯಾಗಿ ಘೋಷಿಸಿದ್ದರು. ಜಗತ್ತಿನ ಪ್ರತಿಯೊಂದು ರೂಟರೂ ಹೆಚ್ಚು ನಿರ್ದಿಷ್ಟವಾದ ತುಂಡನ್ನೇ ಆರಿಸಿಕೊಳ್ಳುತ್ತದೆ. ಸಂಶೋಧನಾ ಜಾಲಗಳು ಪರಸ್ಪರರ ದಾರಿಗೆ ಹೆಚ್ಚಿನ ಆದ್ಯತೆ ಕೊಡುವುದು ನಿಜ, ಆದರೆ ಆ ಆದ್ಯತೆಯ ಲೆಕ್ಕ ನಡೆಯುವುದು ಒಂದೇ ಗಾತ್ರದ ಎರಡು ಘೋಷಣೆಗಳ ನಡುವೆ ಮಾತ್ರ. /24 ಇದ್ದಲ್ಲಿ /22 ಸ್ಪರ್ಧೆಗೇ ಬರುವುದಿಲ್ಲ. ಹೀಗೆ ನಮ್ಮ ಜೀನೋಮುಗಳು ಹಾಸ್ಟೆಲಿನ ಸಿನಿಮಾಗಳ ಜೊತೆ ಇಕ್ಕಟ್ಟಿನಲ್ಲಿ ಬರುತ್ತಿದ್ದವು, ಪಕ್ಕದ ಹೆದ್ದಾರಿ ಖಾಲಿ ಬಿದ್ದಿತ್ತು.

ಈ ಒಂದು ತಪ್ಪಿನ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಎರಡು ಸಂಪರ್ಕಗಳಿರುವ ಕಾಲೇಜುಗಳಲ್ಲಿ ಇದು ಸುಲಭವಾಗಿ ನುಸುಳುತ್ತದೆ ಮತ್ತು ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಎಲ್ಲವೂ ಕೆಲಸ ಮಾಡುತ್ತಲೇ ಇರುತ್ತದೆ. ನಾಲೆಜ್ ನೆಟ್‌ವರ್ಕಿನ ನಕ್ಷೆಯಲ್ಲಿ ಒಳಬರುವ ಗೆರೆ ನೆಲಕ್ಕಂಟಿ ಮಲಗಿರುವುದನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ನಮ್ಮಲ್ಲಿ ಯಾರೂ ಬಳಸುತ್ತಿಲ್ಲವೆಂದು ಭಾವಿಸಿದ್ದೆ.

ಹೊಸ ಸರ್ವರ್ ಇರುವ /24 ತುಂಡನ್ನು ನಾಲೆಜ್ ನೆಟ್‌ವರ್ಕಿನಲ್ಲೂ ಘೋಷಿಸಿದೆ. ಬೆಂಗಳೂರಿನ ಅವರ ಕೇಂದ್ರದ ಫಿಲ್ಟರಿನಲ್ಲಿ ನಮ್ಮ /22 ಮಾತ್ರ ಬರೆದಿದ್ದರಿಂದ ಅದನ್ನು ತಿದ್ದಿಸಲು ಪತ್ರ ವ್ಯವಹಾರ ನಡೆಸಬೇಕಾಯಿತು. ವಾಣಿಜ್ಯ ಬದಿಯ ಘೋಷಣೆಯನ್ನು ತೆಗೆಯದೆ, ನಮ್ಮ ಎಎಸ್ ಸಂಖ್ಯೆಯನ್ನು (ದಾರಿಯ ಪಟ್ಟಿಯಲ್ಲಿ ನಮ್ಮ ಜಾಲದ ಗುರುತು) ಮೂರು ಸಲ ಹೆಚ್ಚು ಸೇರಿಸಿ ದಾರಿಯನ್ನು ಉದ್ದ ಕಾಣುವಂತೆ ಮಾಡಿ, ಆಪತ್ಕಾಲಕ್ಕೆ ಇಟ್ಟುಕೊಂಡೆ. ನಡುವೆ 9000 ಬೈಟಿನ ದೊಡ್ಡ ಫ್ರೇಮುಗಳನ್ನೂ ಪ್ರಯತ್ನಿಸಿದೆ. ಪ್ಯಾಕೆಟ್ ದೊಡ್ಡದಾಯಿತೆಂದು ತಿಳಿಸುವ ಐಸಿಎಂಪಿ ಸಂದೇಶಗಳನ್ನು ದಾರಿಯಲ್ಲಿ ಯಾರೋ ತಡೆದಿದ್ದರಿಂದ ಕಡತಗಳು ಅರ್ಧಕ್ಕೇ ನಿಂತವು, ಅದೇ ದಿನ 1500ಕ್ಕೆ ಮರಳಿದೆ.

ಲುಕಿಂಗ್ ಗ್ಲಾಸ್‌ನಲ್ಲಿ ದಾರಿ ಬದಲಾದದ್ದು ಕಂಡ ಸಂಜೆ ವಿದ್ಯಾರ್ಥಿ ನಾಲ್ಕು ಹರಿವುಗಳನ್ನು ಒಟ್ಟಿಗೆ ಹಚ್ಚಿದ. 700 ಎಂಬಿಪಿಎಸ್. ಹನ್ನೊಂದು ಟೆರಾಬೈಟುಗಳೂ ಒಂದೂವರೆ ದಿನದಲ್ಲಿ ಬಂದು ಮುಗಿದವು. ಸಂಗ್ರಹದವರು ಪ್ರತಿ ಕಡತಕ್ಕೂ ಎಂಡಿ5 ಮೊತ್ತವನ್ನು (ಕಡತ ಕೆಡದೆ ಬಂದಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಕೊಟ್ಟಿರುತ್ತಾರೆ. ತಾಳೆ ನೋಡಿದಾಗ ಮೂರು ಕಡತಗಳು ಹೊಂದಲಿಲ್ಲ, ಅವನ್ನು ಮತ್ತೆ ಇಳಿಸಿದ. ಆ ಮೂರೂ ಅವನು ಮೊದಲು ನಿಧಾನ ವೇಗದಲ್ಲಿ ಇಳಿಸಿ ಇಟ್ಟುಕೊಂಡಿದ್ದ ಕಡತಗಳೇ ಆಗಿದ್ದವು.

ಆಮೇಲೆ ಒಂದು ಹಳೆಯ ಯಂತ್ರದಲ್ಲಿ ಪರ್ಫ್‌ಸೋನಾರ್ ಹಾಕಿದ್ದೇನೆ. ಇಎಸ್‌ನೆಟ್, ಜಿಯಾಂಟ್, ಇಂಟರ್ನೆಟ್2 ಮೊದಲಾದವು ಸೇರಿ ಬೆಳೆಸಿರುವ ಈ ತಂತ್ರಾಂಶ ಹಗಲೂ ರಾತ್ರಿಯೂ ದೂರದ ಜಾಲಗಳತ್ತ ಸಣ್ಣ ಪರೀಕ್ಷೆಗಳನ್ನು ನಡೆಸುತ್ತಾ ನಷ್ಟವನ್ನು ದಾಖಲಿಸುತ್ತದೆ. ಕಳೆದ ಆಯುಧಪೂಜೆಯ ಮರುದಿನ ಅದರಲ್ಲಿ ಮತ್ತೆ ಸಣ್ಣ ಕೆಂಪು ಚುಕ್ಕೆಗಳು ಕಂಡವು. ನೇರವಾಗಿ ಅದೇ ಕೋಣೆಗೆ ಹೋದೆ. ಪೂಜೆಗೆಂದು ರ‍್ಯಾಕ್ ಒರೆಸಿ, ಪ್ಯಾಚ್ ಕಾರ್ಡ್ ಬಿಚ್ಚಿ ಮತ್ತೆ ಚುಚ್ಚಿ, ಮೇಲೆ ಅರಿಶಿನ ಕುಂಕುಮ ಹಚ್ಚಿದ್ದರು. ಈಗ ಶುಚಿಗೊಳಿಸುವ ಪೆನ್ನೊಂದನ್ನು ಆ ರ‍್ಯಾಕಿಗೇ ದಾರದಿಂದ ಕಟ್ಟಿಟ್ಟಿದ್ದೇನೆ.