ಲಾಮಾ ಹೊಡ್ಕೊಂಡು ಜಾತ್ರೆಗೆ

ಅಮೆರಿಕದ ಆರೆಗನ್‌ನಲ್ಲಿ ನಮ್ಮ ಮನೆ ಹಿಂದೆ ಮೂರು ಲಾಮಾ ಇವೆ. ವಿಡಿಯೋ ಕಾಲ್‌ನಲ್ಲಿ ಮೊದಲ ಸಲ ನೋಡಿದಾಗ ಅಮ್ಮ, "ಅದೇನೇ ಅದು, ಕುರಿನಾ ಒಂಟೆನಾ?" ಅಂದಿದ್ದರು. ಒಂಟೆ ಜಾತಿಯದೇ, ಡುಬ್ಬ ಇಲ್ಲ ಅಷ್ಟೇ.

ಆಗಸ್ಟ್‌ನಲ್ಲಿ ಇಲ್ಲಿ ಕೌಂಟಿ ಫೇರ್ ನಡೆಯುತ್ತದೆ. ನಮ್ಮ ಕಡೆಯ ದನದ ಜಾತ್ರೆ ಅಂದುಕೊಳ್ಳಿ, ತೇರು ಒಂದು ಇಲ್ಲ. ಮೊದಲ ವರ್ಷ ಒಂದೇ ಲಾಮಾ ಕರೆದುಕೊಂಡು ಹೋಗಿದ್ದೆ. ಅದೇ ತಪ್ಪಾಯಿತು. ಹಿಂಡಿನ ಪ್ರಾಣಿ ಅಲ್ವಾ, ಬೆಳಗಿಂದ ಸಂಜೆವರೆಗೆ 'ಹ್ಞೂಂ, ಹ್ಞೂಂ' ಅಂತ ನರಳುತ್ತಲೇ ಇತ್ತು. ಹುಲ್ಲು ಮುಟ್ಟಲಿಲ್ಲ. ಆಮೇಲೆ ಜೋಡಿ ಇಲ್ಲದೆ ಹೊರಟಿಲ್ಲ.

ಜೊತೆಗೆ ಮನೆಯಿಂದ ಒಂದು ಬಕೆಟ್ ಹಿಕ್ಕೆ. ನಗಬೇಡಿ! ಲಾಮಾಗಳು ಹಿಕ್ಕೆ ಹಾಕೋದು ಎಲ್ಲಾ ಸೇರಿ ಒಂದೇ ಜಾಗದಲ್ಲಿ. ತಂದದ್ದನ್ನು ಒಂದು ಮೂಲೆಗೆ ಸುರಿದರೆ, ಮೂಸಿ ನೋಡಿ ಅಲ್ಲೇ ಹೋಗುತ್ತವೆ. ಉಳಿದ ಜಾಗ ಚೊಕ್ಕ.

ಮುಖಕ್ಕೆ ಹಾಕುವ ಹಾಲ್ಟರ್ ಬಗ್ಗೆ ಮಾತ್ರ ನಾನು ಜಾಸ್ತಿ ಹುಷಾರು. ಮೂಗಿನ ಮೇಲಿನ ಪಟ್ಟಿ ಕಣ್ಣಿಗೆ ಹತ್ತಿರ, ಗಟ್ಟಿ ಮೂಳೆ ಮೇಲೆ ಕೂರಬೇಕು. ಕೆಳಗೆ ಜಾರಿದರೆ ಅಲ್ಲಿ ಬರೀ ಮೆತ್ತಗಿನ ಭಾಗ, ಉಸಿರು ಕಟ್ಟುತ್ತದೆ. ಸೆಕೆಯಾದರೆ ನೀರು ಹಿಡಿಯಬೇಕಾದದ್ದು ಹೊಟ್ಟೆಗೆ, ಕಾಲಿಗೆ. ಬೆನ್ನಿಗೆ ಹಾಕಿದರೆ ಒದ್ದೆ ಉಣ್ಣೆ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಜನ "ಉಗಿಯುತ್ತಾ?" ಅಂತ ಕೇಳಿ, ಫೋಟೋ ತೆಗೆದು ಹೋಗುತ್ತಾರೆ. ಅವು ಉಗಿಯೋದು ಹೆಚ್ಚಾಗಿ ತಮ್ಮತಮ್ಮಲ್ಲೇ, ಮೇವಿನ ಜಗಳಕ್ಕೆ. ಜನ ನಿಂತು ನೋಡೋದು ಉಣ್ಣೆ ಮೇಜಿನ ಮುಂದೆ. ಅಲ್ಲಿ ಬೋರ್ಡು, ಭಾಷಣ ಏನೂ ಬೇಕಿಲ್ಲ. ಕೈಗೊಂದು ಹಿಡಿ ಉಣ್ಣೆ ಕೊಟ್ಟರೆ ಸಾಕು, ಸುಮ್ನೆ ಎಳೆಯುತ್ತಾ ನಿಂತುಬಿಡುತ್ತಾರೆ.

ಲಾಮಾ ಉಣ್ಣೆಯಲ್ಲಿ ಕುರಿಯಷ್ಟು ಜಿಡ್ಡಿಲ್ಲ, ಧೂಳು ಮಾತ್ರ ಬೇಕಾದಷ್ಟು. ಶುರುವಿನಲ್ಲಿ ಗೊತ್ತಿಲ್ಲದೆ ಬಿಸಿನೀರಲ್ಲಿ ಉಜ್ಜಿ ತೊಳೆದು ಒಂದು ಚೀಲ ಉಣ್ಣೆಯನ್ನು ಚಾಪೆ ಮಾಡಿಟ್ಟಿದ್ದೆ. ಈಗ ಅದೇ ತಪ್ಪನ್ನು ಮಕ್ಕಳ ಕೈಲಿ ಬೇಕಂತಲೇ ಮಾಡಿಸುತ್ತೇನೆ. ಸೋಪಿನ ಬಿಲ್ಲೆಗೆ ಉಣ್ಣೆ ಸುತ್ತಿ, ಹಳೇ ನೈಲಾನ್ ಸಾಕ್ಸಿಗೆ ತುಂಬಿ, ಬಿಸಿನೀರಲ್ಲಿ ಅದ್ದಿ ಉಜ್ಜುತ್ತಾ ಹೋಗಬೇಕು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಸೋಪಿಗೆ ಅಂಗಿ ತೊಡಿಸಿದ ಹಾಗಾಗುತ್ತದೆ. ಪಕ್ಕದಲ್ಲಿ ಕೂತು ನಾನು ತಕಲಿಯಲ್ಲಿ ನೂಲುತ್ತೇನೆ. ಲಾಮಾ ನೂಲು ಜೋತು ಬೀಳುವಂಥದ್ದು, ಅದಕ್ಕೇ ಸ್ವಲ್ಪ ಕುರಿ ಉಣ್ಣೆ ಬೆರೆಸುತ್ತೇನೆ.

ನಿಜವಾದ ಗೋಳು ಅಂದರೆ ಆರಿಸುವುದು. ಮೃದು ಉಣ್ಣೆಯ ನಡುವೆ ದಪ್ಪ, ಒರಟು ಕೂದಲು ಇರುತ್ತದೆ. ಅದನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ಹೋದ ವರ್ಷ ಅಮ್ಮನಿಗೆ ಶಾಲು ಕಳಿಸಿದ್ದೆ. "ಕತ್ತಿನ ಹತ್ತಿರ ಚುಚ್ಚುತ್ತೆ ಕಣೇ" ಅಂದರು. ಈ ಸಲ ಇನ್ನೊಂದು ಸುತ್ತು ಆರಿಸುತ್ತಿದ್ದೇನೆ.